ಕಾಣದ ಹಗ್ಗಕ್ಕೊಂದು ಕಪ್ಪು ಗುರುತು

ಲಂಡನ್ನಿನ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್‌ನಲ್ಲಿ, ಥೇಮ್ಸ್ ನದಿಯ ದಂಡೆಗೆ ಒತ್ತಿಕೊಂಡು, ಈಜಿಪ್ಟಿನ ಒಂದು ಗ್ರಾನೈಟ್ ಸ್ತಂಭ ನಿಂತಿದೆ. ಎತ್ತರ 21 ಮೀಟರ್, ವಯಸ್ಸು ಸುಮಾರು 3,500 ವರ್ಷ. ಊರವರು ಅದನ್ನು ಕ್ಲಿಯೋಪಾತ್ರಳ ಸೂಜಿ ಎನ್ನುತ್ತಾರೆ. ಕ್ಲಿಯೋಪಾತ್ರಳಿಗೂ ಅದಕ್ಕೂ ಇರುವ ನಂಟು ಅಷ್ಟಕ್ಕಷ್ಟೆ. ಕೆತ್ತಿಸಿದವನು ಅವಳಿಗಿಂತ ಸಾವಿರದ ನಾನೂರು ವರ್ಷ ಹಿಂದಿನ ಮೂರನೇ ಥುಟ್ಮೋಸ್. ಬಂದವರು ಚಿತ್ರಲಿಪಿ ನೋಡುತ್ತಾರೆ, ಅಕ್ಕಪಕ್ಕದ ಕಂಚಿನ ಸ್ಫಿಂಕ್ಸ್‌ಗಳ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ, ಹೊರಡುತ್ತಾರೆ. ಬುಡದ ಫಲಕದಲ್ಲಿರುವ ಆರು ಹೆಸರುಗಳ ಮುಂದೆ ನಿಲ್ಲುವವರು ಕಡಿಮೆ. ಈ ಕಂಬವನ್ನು ಸಮುದ್ರದ ಮೇಲೆ ಎಳೆದು ತರುವಾಗ ಬಿಸ್ಕೆ ಕೊಲ್ಲಿಯಲ್ಲಿ ಸತ್ತ ನಾವಿಕರು ಅವರು. ಅಲ್ಲಿಂದ ನದಿಯ ಪಕ್ಕದಲ್ಲೇ ಮೇಲಕ್ಕೆ ನಡೆದು, ಪಾರ್ಲಿಮೆಂಟ್ ಭವನ ದಾಟಿ, ಲ್ಯಾಂಬೆತ್ ಸೇತುವೆಯಿಂದ ಆಚೆ ದಡಕ್ಕೆ ಹೋದರೆ ಎರಡು ಕಿಲೋಮೀಟರ್ ಆಸುಪಾಸಿನಲ್ಲಿ ಇಂಟರ್‌ನ್ಯಾಷನಲ್ ಮ್ಯಾರಿಟೈಮ್ ಆರ್ಗನೈಸೇಶನ್ನಿನ ಕಚೇರಿ ಸಿಗುತ್ತದೆ. ಎದುರಿಗೆ ಹಡಗಿನ ಮೂತಿಯ ಆಕಾರದ ದೊಡ್ಡ ಕಂಚಿನ ಶಿಲ್ಪ, ಅದರ ಮೇಲೆ ಒಬ್ಬಂಟಿ ನಾವಿಕ. ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ 1972ರ ಅಂತರರಾಷ್ಟ್ರೀಯ ನಿಯಮಗಳ ಉಸ್ತುವಾರಿ ಈ ಸಂಸ್ಥೆಯದು. ಅವುಗಳಲ್ಲಿ 24ನೆಯ ನಿಯಮ ಒಂದು ನೌಕೆ ಇನ್ನೊಂದನ್ನು ಎಳೆಯುವ ಸಂದರ್ಭಕ್ಕೆ ಸಂಬಂಧಿಸಿದ್ದು. ಕಂಬದಿಂದ ಕಚೇರಿಯವರೆಗಿನ ಈ ಅರ್ಧ ಗಂಟೆಯ ನಡಿಗೆಯ ಎರಡು ತುದಿಗಳನ್ನು ಸೇರಿಸುವುದು ಅದೇ ನಿಯಮ ಕೇಳುವ ಎರಡಡಿ ಅಗಲದ ಒಂದು ಕಪ್ಪು ವಜ್ರಾಕೃತಿ.

ಹಡಗುಗಳು ಹಗಲಲ್ಲಿ ಏರಿಸುವ ಗುರುತುಗಳು ಬೆರಳೆಣಿಕೆಯಷ್ಟು. ಲಂಗರು ಹಾಕಿದ ಹಡಗಿಗೆ ಒಂದು ಕಪ್ಪು ಗುಂಡು. ಹತೋಟಿ ತಪ್ಪಿದ್ದಕ್ಕೆ ಎರಡು, ನೆಲಕ್ಕೆ ತಗುಲಿ ಕೂತದ್ದಕ್ಕೆ ಮೂರು. ಬಲೆ ಎಳೆಯುವ ದೋಣಿಗೆ ತುದಿಗೆ ತುದಿ ತಾಗಿಸಿದ ಎರಡು ಶಂಕು. ಆಳ ಸಾಲದೆ ಪಕ್ಕಕ್ಕೆ ಸರಿಯಲಾರದ ಭಾರಿ ಹಡಗಿಗೆ ಒಂದು ಸಿಲಿಂಡರ್. ಇವೆಲ್ಲ ಹೇಳುವುದು ಆಯಾ ಹಡಗಿನ ಸ್ಥಿತಿಯನ್ನು: ನಾನು ನಿಂತಿದ್ದೇನೆ, ನನಗೆ ಕೆಟ್ಟಿದೆ, ನನ್ನ ಕೈಯಲ್ಲಿ ಕೆಲಸವಿದೆ. ಎಳೆಯುವ ಟಗ್ಗೂ ಎಳೆಸಿಕೊಳ್ಳುವ ಬಾರ್ಜೂ ಒಂದೊಂದು ಏರಿಸುವ ವಜ್ರಾಕೃತಿ ಮಾತ್ರ ಬೇರೆ ಜಾತಿಯದು ಎಂಬುದು ನನ್ನ ವಾದ. ಅದು ಹಡಗಿನ ಬಗ್ಗೆ ಹೇಳುವುದಿಲ್ಲ, ಎರಡು ಹಡಗುಗಳ ನಡುವಿನ ಖಾಲಿ ನೀರಿನ ಬಗ್ಗೆ ಹೇಳುತ್ತದೆ: ಇಲ್ಲಿ ಏನೂ ಇಲ್ಲವೆಂದು ಕಾಣುತ್ತದೆ, ಆದರೆ ಇದೆ. ಈ ಕಾರಣಕ್ಕೇ, ರೇಡಾರು ಉಪಗ್ರಹಗಳ ಕಾಲದಲ್ಲಿ ಉಳಿದ ಗುರುತುಗಳು ಹಳತಾದವು ಎಂದು ಯಾರಾದರೂ ಹೇಳಿದರೆ ಅರ್ಧ ಒಪ್ಪಬಹುದಾದರೂ, ಇದೊಂದನ್ನು ಆ ಪಟ್ಟಿಗೆ ಸೇರಿಸಲಾಗದು.

ನೀರು ಖಾಲಿ ಕಾಣುವುದು ಹೇಗೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತೆರೆದ ಸಮುದ್ರದಲ್ಲಿ ಟಗ್ಗು ಬಾರ್ಜನ್ನು ಎಳೆಯುವುದು ಸಾಮಾನ್ಯವಾಗಿ ನೂರಾರು ಮೀಟರ್ ಉದ್ದದ ಉಕ್ಕಿನ ಮಿಣಿಯಿಂದ. ಮುಂಗೈ ದಪ್ಪದ ಆ ಮಿಣಿ ತನ್ನ ಭಾರಕ್ಕೆ ತಾನೇ ಜೋತು ನೀರೊಳಗೆ ಇಳಿಯುತ್ತದೆ. ಅದು ಜೋಲಬೇಕು ಕೂಡ. ಅಲೆ ಎದ್ದಾಗ ಟಗ್ಗೂ ಬಾರ್ಜೂ ಬೇರೆ ಬೇರೆ ಹೊತ್ತಿಗೆ ಏರಿಳಿಯುತ್ತವೆ. ಮಿಣಿ ಬಿಗಿಯಾಗಿದ್ದರೆ ಒಂದೇ ಜಗ್ಗಿಗೆ ತುಂಡಾಗುತ್ತದೆ. ಜೋತ ಭಾಗವೇ ಆ ಜಗ್ಗನ್ನು ನುಂಗುವ ಸ್ಪ್ರಿಂಗು. ಹೀಗಾಗಿ ಟಗ್ಗಿನ ಹಿಂಬದಿಯಿಂದ ಕೆಲವು ಮೀಟರ್ ಮಿಣಿ ಕಾಣುತ್ತದೆ, ಆಮೇಲೆ ನೀರು. ಮತ್ತೆ ಅದು ಮೇಲೇಳುವುದು ಬಾರ್ಜಿನ ಮೂತಿಯ ಹತ್ತಿರ. ನಡುವೆ ಅರ್ಧ ಕಿಲೋಮೀಟರ್ ಸಮುದ್ರ ಸುಮ್ಮನೆ ಹೊಳೆಯುತ್ತಿರುತ್ತದೆ. ಅಲ್ಲಿ ನುಗ್ಗುವ ಚಿಕ್ಕ ದೋಣಿ ಒಂದೋ ಮಿಣಿಗೆ ಸಿಕ್ಕಿ ಮಗುಚುತ್ತದೆ, ಇಲ್ಲವೇ ಹಿಂದಿನಿಂದ ಬರುವ ಬಾರ್ಜಿನ ಅಡಿಗೆ ಬೀಳುತ್ತದೆ. ಬಾರ್ಜಿಗೆ ಬ್ರೇಕಿಲ್ಲ, ಚುಕ್ಕಾಣಿಯವನಿಲ್ಲ, ಬಹಳ ಸಲ ಮೇಲೆ ನರಪಿಳ್ಳೆಯೂ ಇರುವುದಿಲ್ಲ. ನಮ್ಮ ಹೆದ್ದಾರಿಯಲ್ಲಿ ಕೆಟ್ಟ ಲಾರಿಯನ್ನು ಇನ್ನೊಂದು ಲಾರಿ ಎಳೆಯುವಾಗ ಹಗ್ಗದ ನಡುವೆ ಕೆಂಪು ಬಟ್ಟೆ ಕಟ್ಟುತ್ತಾರಲ್ಲ, ಅದನ್ನೇ ಇಲ್ಲಿ ಮಾಡೋಣವೆಂದರೆ ಹಗ್ಗವೇ ಮುಳುಗಿದೆ. ಬಟ್ಟೆಯನ್ನು ಎರಡು ತುದಿಗೆ ತಂದು ಕಟ್ಟಬೇಕಾಯಿತು.

ನಿಯಮದ ಒಳಗಿನ ಲೆಕ್ಕಾಚಾರವೂ ಇದನ್ನೇ ತೋರಿಸುತ್ತದೆ. ಟಗ್ಗಿನ ಹಿಂತುದಿಯಿಂದ ಎಳೆಸಿಕೊಳ್ಳುವ ಕೊನೆಯ ವಸ್ತುವಿನ ಹಿಂತುದಿಯವರೆಗೆ ಅಳೆದು, ಉದ್ದ 200 ಮೀಟರ್ ಮೀರಿದರೆ ಮಾತ್ರ ಎರಡೂ ಕಡೆ ವಜ್ರಾಕೃತಿ ಬೇಕು. ಅದಕ್ಕಿಂತ ಕಡಿಮೆಯಿದ್ದರೆ ಬೇಡ, ಏಕೆಂದರೆ ಹತ್ತಿರ ಹತ್ತಿರ ಒಂದೇ ದಿಕ್ಕಿಗೆ ಹೋಗುವ ಎರಡನ್ನು ನೋಡುವ ಕಣ್ಣೇ ಜೋಡಿಸಿಕೊಳ್ಳುತ್ತದೆ. ಟಗ್ಗು ಬಾರ್ಜನ್ನು ಹಿಂದಿನಿಂದ ತಳ್ಳುತ್ತಿದ್ದರೆ ಅಥವಾ ಮಗ್ಗುಲಿಗೆ ಕಟ್ಟಿಕೊಂಡಿದ್ದರೆ ವಜ್ರಾಕೃತಿಯ ಮಾತೇ ಇಲ್ಲ. ನಡುವೆ ನೀರೇ ಇಲ್ಲವಲ್ಲ. ಆದರೆ ಎಳೆಸಿಕೊಳ್ಳುವ ವಸ್ತು ಅರ್ಧ ಮುಳುಗಿದ್ದು ಕಣ್ಣಿಗೆ ಬೀಳದಂಥದ್ದಾದರೆ, ಮರದ ದಿಮ್ಮಿಗಳ ತೆಪ್ಪವೋ ಎಣ್ಣೆ ತುಂಬಿದ ರಬ್ಬರಿನ ಉದ್ದ ಚೀಲವೋ ಆದರೆ, ಆಗ ಉದ್ದ ಎಷ್ಟೇ ಇರಲಿ, ಅದರ ಕೊನೆಯ ತುದಿಯಲ್ಲಿ ಒಂದು ವಜ್ರಾಕೃತಿ ಕಡ್ಡಾಯ. 200 ಮೀಟರ್ ದಾಟಿದರೆ ಮುಂಭಾಗದಲ್ಲಿ ಇನ್ನೊಂದು. ತೂಕವನ್ನಾಗಲಿ ಅಪಾಯಕಾರಿ ಸರಕನ್ನಾಗಲಿ ನಿಯಮ ಕೇಳುತ್ತಿಲ್ಲ. ಕಣ್ಣು ತಾನಾಗಿ ಜೋಡಿಸಲಾರದ್ದು ಎಲ್ಲಿದೆಯೋ ಅಲ್ಲಿಗೆ ಮಾತ್ರ ಗುರುತು ಕೇಳುತ್ತದೆ.

ಕ್ಲಿಯೋಪಾತ್ರಳ ಸೂಜಿ ಸರಿಯಾಗಿ ಇಂಥದೇ ವಸ್ತು. 1819ರಲ್ಲೇ ಈಜಿಪ್ಟಿನ ಮುಹಮ್ಮದ್ ಅಲಿ ಅದನ್ನು ಬ್ರಿಟನ್ನಿಗೆ ಉಡುಗೊರೆ ಕೊಟ್ಟಾಗಿತ್ತು; ಸಾಗಿಸುವ ಖರ್ಚಿಗೆ ಹೆದರಿ ಬ್ರಿಟಿಷ್ ಸರ್ಕಾರ ಸುಮ್ಮನಿತ್ತು. ಕೊನೆಗೆ ಎರಾಸ್ಮಸ್ ವಿಲ್ಸನ್ ಎಂಬ ಚರ್ಮವೈದ್ಯ ಕೈಯಿಂದ 10,000 ಪೌಂಡ್ ಹಾಕಿದ. ಜಾನ್ ಡಿಕ್ಸನ್ ಎಂಬ ಎಂಜಿನಿಯರು ಕಂಬದ ಸುತ್ತ ಕಬ್ಬಿಣದ ಒಂದು ಸಿಲಿಂಡರನ್ನೇ ಕಟ್ಟಿದ: ಉದ್ದ 28 ಮೀಟರ್, ವ್ಯಾಸ ನಾಲ್ಕೂವರೆ ಮೀಟರಿಗೆ ತುಸು ಹೆಚ್ಚು. ಅದಕ್ಕೊಂದು ಮೂತಿ, ಒಂದು ಚುಕ್ಕಾಣಿ, ಮೇಲೊಂದು ಪುಟ್ಟ ಕೋಣೆ, ಹೆಸರು ಕ್ಲಿಯೋಪಾತ್ರ. 1877ರ ಸೆಪ್ಟೆಂಬರ್ 21ರಂದು ಓಲ್ಗಾ ಎಂಬ ಉಗಿಹಡಗು ಅದನ್ನು ಅಲೆಕ್ಸಾಂಡ್ರಿಯಾದಿಂದ ಎಳೆದುಕೊಂಡು ಹೊರಟಿತು. ಮೆಡಿಟರೇನಿಯನ್ ದಾಟಿ, ಜಿಬ್ರಾಲ್ಟರ್ ತಿರುಗಿ, ಪೋರ್ಚುಗಲ್ ಕರಾವಳಿಯ ಗುಂಟ ಬಡಗಣಕ್ಕೆ ಹೋಗುವವರೆಗೆ ಹೇಗೋ ನಡೆಯಿತು. ಅಕ್ಟೋಬರ್ 14ರಂದು ಬಿಸ್ಕೆಯಲ್ಲಿ ಬಿರುಗಾಳಿ. ಸಿಲಿಂಡರಿನೊಳಗಿನ ನಿಲುಭಾರ ಜರುಗಿ ಅದು ಮಗ್ಗುಲಾಯಿತು. ಓಲ್ಗಾದಿಂದ ಆರು ಮಂದಿ ತಾವಾಗಿ ಮುಂದೆ ಬಂದು ದೋಣಿ ಇಳಿಸಿದರು. ದೋಣಿ ಮುಳುಗಿತು, ಒಬ್ಬರೂ ಉಳಿಯಲಿಲ್ಲ. ಆಮೇಲೆ ಸಿಲಿಂಡರಿನ ಮೇಲಿದ್ದವರನ್ನು ಹೇಗೋ ಓಲ್ಗಾಕ್ಕೆ ಸಾಗಿಸಿಕೊಂಡರು. ಸಿಲಿಂಡರು ಮುಳುಗಿತೆಂದೇ ಬಗೆದು ಬಿಟ್ಟು ಹೋದರು. ಅದು ಮುಳುಗಲಿಲ್ಲ. ಬಿಸ್ಕೆಯಲ್ಲಿ ತೇಲುತ್ತಿದ್ದುದನ್ನು ಕೆಲವು ದಿನಗಳ ನಂತರ ಕಂಡು, ಫಿಟ್ಸ್‌ಮಾರಿಸ್ ಎಂಬ ಗ್ಲಾಸ್ಗೋ ಹಡಗು ಸ್ಪೇನಿನ ಫೆರೋಲ್ ಬಂದರಿಗೆ ಎಳೆದು ತಂದಿತು. ಕೊನೆಗೆ ಆಂಗ್ಲಿಯಾ ಎಂಬ ಟಗ್ಗಿನ ಹಿಂದೆ ಅದು ಥೇಮ್ಸ್ ಮುಟ್ಟಿದ್ದು 1878ರ ಜನವರಿ 21ಕ್ಕೆ.

ಆ ಕಾಲದ ನಿಯಮಗಳು 1863ರವು. ಎಳೆಯುವ ಉಗಿಹಡಗು ರಾತ್ರಿ ಒಂದರ ಮೇಲೊಂದು ಎರಡು ಬಿಳಿ ದೀಪ ಹೊತ್ತಿಸಬೇಕೆಂದು ಅವು ಹೇಳುತ್ತಿದ್ದವು. ಹಗಲಿಗೆ ಏನೂ ಇಲ್ಲ. ಹಗಲಲ್ಲಿ ಕಣ್ಣಿದೆಯಲ್ಲ ಎಂಬ ಭರವಸೆ. ಹಾಗಾಗಿ ಅಲೆಕ್ಸಾಂಡ್ರಿಯಾದಿಂದ ಬಿಸ್ಕೆಯವರೆಗೆ ಅಲೆಗಳ ನಡುವೆ ಬೆನ್ನು ತೋರಿಸುತ್ತ ಸಾಗಿದ ಆ ಕಬ್ಬಿಣದ ಉರುಳೆ ಹಗಲಲ್ಲೇ ಹೆಚ್ಚು ಅನಾಮಧೇಯವಾಗಿತ್ತು. ಈ ವಿಚಿತ್ರ ಇವತ್ತಿಗೂ ಪೂರ್ತಿ ಹೋಗಿಲ್ಲ. ಈಗಿನ ನಿಯಮದಲ್ಲಿ 200 ಮೀಟರ್ ಮೀರಿದ ಎಳೆತಕ್ಕೆ ಟಗ್ಗು ರಾತ್ರಿ ಮೂರು ಬಿಳಿ ದೀಪಗಳನ್ನು ಸಾಲಾಗಿ ಹೊತ್ತಿಸುತ್ತದೆ. 20ರಿಂದ 50 ಮೀಟರ್ ಉದ್ದದ ಟಗ್ಗಾದರೆ ಅವು ಐದು ನಾಟಿಕಲ್ ಮೈಲು ದೂರಕ್ಕೆ ಕಾಣಲೇಬೇಕು. ಇನ್ನೂ ದೊಡ್ಡದಾದರೆ ಆರು. ಹಿಂದೆ ಹಳದಿ ದೀಪ ಬೇರೆ. ಹಗಲಾಯಿತೆಂದರೆ ಅದೇ ಮಾತನ್ನು ಹೇಳಲು ಉಳಿಯುವುದು ಒಂದು ಕಪ್ಪು ವಜ್ರಾಕೃತಿ.

ಇಲ್ಲಿಗೆ ಮೊದಲ ಆಕ್ಷೇಪ ಬರುತ್ತದೆ, ಅದು ಗಟ್ಟಿಯಾದದ್ದೇ: ಆ ಗುರುತು ಯಾರ ಕಣ್ಣಿಗೆ ಕಾಣುತ್ತದೆ? ನಿಯಮಗಳ ಅನುಬಂಧದ ಪ್ರಕಾರ ವಜ್ರಾಕೃತಿಯೆಂದರೆ ತಳಕ್ಕೆ ತಳ ಸೇರಿಸಿದ ಎರಡು ಶಂಕು. ಒಂದೊಂದರ ತಳದ ವ್ಯಾಸ ಕನಿಷ್ಠ 0.6 ಮೀಟರ್, ಎತ್ತರವೂ ಅಷ್ಟೇ. ಅಂದರೆ ಒಟ್ಟು ಅಗಲ ಎರಡಡಿ, ಎತ್ತರ ನಾಲ್ಕಡಿ. ಸಿಲಿಂಡರಿಗೂ ಇದೇ ಅಳತೆ. ಬಹುತೇಕ ಹಡಗುಗಳಲ್ಲಿ ಇದು ಘನವಾದ ವಸ್ತುವೂ ಅಲ್ಲ: ಒಂದಕ್ಕೊಂದು ಅಡ್ಡಲಾಗಿ ಸಿಕ್ಕಿಸಿದ ಎರಡು ಹಲಗೆ, ಅಥವಾ ಮಡಚಲು ಬರುವ ತಂತಿ ಚೌಕಟ್ಟಿಗೆ ಹೊಲಿದ ಕಪ್ಪು ಬಟ್ಟೆ. ಇನ್ನು ಕಣ್ಣಿನ ಲೆಕ್ಕ. ಆರೋಗ್ಯವಂತ ಕಣ್ಣು ಗುರುತಿಸಬಲ್ಲ ಅತಿ ಸಣ್ಣ ಕೋನ ಸುಮಾರು ಒಂದು ಆರ್ಕ್ ನಿಮಿಷ, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. 0.6 ಮೀಟರ್ ಅಗಲದ ವಸ್ತು ಆ ಕೋನಕ್ಕೆ ಇಳಿಯುವುದು ಎರಡು ಕಿಲೋಮೀಟರ್ ದೂರದಲ್ಲಿ, ಒಂದು ನಾಟಿಕಲ್ ಮೈಲಿಗಿಂತ ತುಸು ಆಚೆ. ಅಲ್ಲಿ ಅದು ಚುಕ್ಕೆ. ಗುಂಡೋ ಸಿಲಿಂಡರೋ ವಜ್ರಾಕೃತಿಯೋ ಎಂದು ಹೇಳಬೇಕಾದರೆ, ಕಣ್ಣಿನ ಡಾಕ್ಟರ ಗೋಡೆಯ ಮೇಲಿನ ಅಕ್ಷರದ ಅಳತೆಯನ್ನು ಹಿಡಿದರೆ, ಐದು ಆರ್ಕ್ ನಿಮಿಷ ಬೇಕು. ಅಂದರೆ ದೂರ 400ರಿಂದ 800 ಮೀಟರಿಗೆ ಇಳಿಯಿತು. ಗಂಟೆಗೆ 15 ನಾಟಿಕಲ್ ಮೈಲಿನ ಹಡಗು 800 ಮೀಟರನ್ನು ಎರಡು ನಿಮಿಷದೊಳಗೆ ಕಬಳಿಸುತ್ತದೆ. ಅಷ್ಟರಲ್ಲಿ ನೋಡಿ, ಅರ್ಥಮಾಡಿಕೊಂಡು, ತಿರುಗಿಸಿ ಮುಗಿಸಬೇಕು.

ಈ ಲೆಕ್ಕವನ್ನು ನಾನು ಅಲ್ಲಗಳೆಯಲಾರೆ. ಆದರೆ ಅದು ಗುರುತಿನ ವಿರುದ್ಧದ ವಾದವಲ್ಲ, ಗುರುತಿನ ಗಾತ್ರದ ವಿರುದ್ಧದ್ದು. ಬ್ರಿಜ್ ಮೇಲೆ ನಿಂತವನ ಕೊರಳಲ್ಲಿ ಏಳು ಪಟ್ಟು ಹಿಗ್ಗಿಸುವ ಬೈನಾಕ್ಯುಲರ್ ಇರುತ್ತದೆ, ಹಡಗು ಹೊಯ್ದಾಡುವುದನ್ನು ಕಳೆದರೂ ದೂರ ಎರಡು ಮೂರು ಕಿಲೋಮೀಟರಿಗೆ ಏರುತ್ತದೆ. ಚುಕ್ಕೆಯಾಗಿ ಕಂಡರೂ ಸಾಕು, ಇಲ್ಲಿ ಏನೋ ಇದೆ, ಇನ್ನೊಮ್ಮೆ ನೋಡು ಎನ್ನುವುದಕ್ಕೆ. ನನ್ನ ತಕರಾರು ಬೇರೆಯಿದೆ. ಹಡಗು ದೊಡ್ಡದಾದಂತೆ ದೀಪ ಇನ್ನಷ್ಟು ದೂರ ಕಾಣಬೇಕೆಂದು ನಿಯಮ ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತದೆ. ಆಕೃತಿಗಳ ವಿಷಯದಲ್ಲಿ ಮೆಟ್ಟಿಲಿರುವುದು ಕೆಳಕ್ಕೆ ಮಾತ್ರ: 20 ಮೀಟರಿಗಿಂತ ಚಿಕ್ಕ ದೋಣಿ ತನ್ನ ಗಾತ್ರಕ್ಕೆ ತಕ್ಕಂತೆ ಸಣ್ಣದು ಏರಿಸಬಹುದು. 100 ಮೀಟರ್ ಬಾರ್ಜಿಗೂ 300 ಮೀಟರ್ ಹಡಗಿನ ಅಸ್ಥಿಪಂಜರಕ್ಕೂ ಅದೇ ಎರಡಡಿ ಸಾಕು. ಇದಕ್ಕೆ ಸಮರ್ಥನೆ ನನಗೆ ಕಾಣುವುದಿಲ್ಲ. ಕನಿಷ್ಠ ಎಂದು ಬರೆದದ್ದನ್ನು ಗರಿಷ್ಠವೆಂದು ಓದುವ ಚಾಳಿ ಸಮುದ್ರದಲ್ಲೂ ಇದೆ; ಎರಡು ಮೀಟರಿನದನ್ನು ಏರಿಸಬೇಡಿ ಎಂದು ಯಾವ ನಿಯಮವೂ ತಡೆಯುವುದಿಲ್ಲ.

ಎರಡನೆಯ ಆಕ್ಷೇಪ ಯಂತ್ರಗಳದು. ಈಗ ಹಡಗುಗಳು ಎಐಎಸ್ ಎಂಬ ರೇಡಿಯೊ ಪೆಟ್ಟಿಗೆಯಿಂದ ತಮ್ಮ ಹೆಸರು, ಜಾಗ, ವೇಗವನ್ನು ತಾವೇ ಸಾರುತ್ತಿರುತ್ತವೆ. ಅದರಲ್ಲಿ 200 ಮೀಟರ್ ಮೀರಿದ ಅಥವಾ 25 ಮೀಟರಿಗಿಂತ ಅಗಲದ ಎಳೆತಕ್ಕೆಂದೇ 32 ಎಂಬ ಸಂಕೇತವಿದೆ. ಎದುರು ಹಡಗಿನ ಪರದೆಯ ಮೇಲೆ ಅಷ್ಟು ಮೂಡಿದರೆ ಕಪ್ಪು ಬಟ್ಟೆಯ ಬೊಂಬೆ ಯಾಕೆ ಬೇಕು? ಮೊದಲ ತೊಡಕು, ಆ ಸಂಕೇತ ತಾನಾಗಿ ಮೂಡುವುದಿಲ್ಲ. ಎಳೆಯಲು ಶುರುಮಾಡಿದಾಗ ಯಾರಾದರೂ ಒತ್ತಬೇಕು, ನಿಂತಾಗ ತೆಗೆಯಬೇಕು. ಎರಡನೆಯದು, ಅಂತರರಾಷ್ಟ್ರೀಯ ಯಾನದಲ್ಲಿ 300 ಟನ್ನೇಜ್ ಮೀರಿದ ಹಡಗುಗಳಿಗೆ ಈ ಪೆಟ್ಟಿಗೆ ಕಡ್ಡಾಯ. ಹುಟ್ಟು ಹಾಕುವ ಅಥವಾ ಔಟ್‌ಬೋರ್ಡ್ ಎಂಜಿನ್ನಿನ ನಾಡದೋಣಿಗೆ ಅದರ ಪರದೆಯೇ ಇರುವುದಿಲ್ಲ, ಮಿಣಿಯಿಂದ ಅತಿ ಹೆಚ್ಚು ಅಪಾಯವಿರುವುದು ಆ ದೋಣಿಗೇ. ರೇಡಾರನ್ನು ನಂಬೋಣವೆಂದರೆ ಅದು ಎರಡು ಬಿಂದು ತೋರಿಸುತ್ತದೆ, ನಡುವಿನ ಮಿಣಿಯನ್ನಲ್ಲ. ಒಂದೇ ವೇಗದಲ್ಲಿ ಒಂದೇ ದಿಕ್ಕಿಗೆ ಹೋಗುವ ಎರಡು ಬಿಂದು ಎಷ್ಟೋ ಸಲ ಸುಮ್ಮನೆ ಎರಡು ಹಡಗುಗಳೇ ಆಗಿರುತ್ತವೆ. ಎರಡರ ಮೇಲೂ ಒಂದೇ ಆಕೃತಿ ಕಂಡಾಗ ಮಾತ್ರ ಅವು ಒಂದೇ ಎಂದು ತಿಳಿಯುತ್ತದೆ.

ಇನ್ನೊಂದು ಮಾತನ್ನು ಹಡಗಿನವರೇ ಎತ್ತುತ್ತಾರೆ: ವಜ್ರಾಕೃತಿಯಿಂದ ಟಗ್ಗಿಗೆ ಯಾವ ಹಕ್ಕೂ ಬರುವುದಿಲ್ಲವಲ್ಲ. ನಿಜ. ಎಳೆಯುತ್ತಿರುವ ಟಗ್ಗು ನಿಯಮದ ಕಣ್ಣಲ್ಲಿ ಮಾಮೂಲಿ ಯಂತ್ರಚಾಲಿತ ಹಡಗು. ಬಲಗಡೆಯಿಂದ ಅಡ್ಡ ಬರುವವನಿಗೆ ಅದೇ ದಾರಿ ಬಿಡಬೇಕು. ದಿಕ್ಕು ಬದಲಿಸಲು ನಿಜವಾಗಿ ಆಗದಿದ್ದರೆ ಗುಂಡು, ವಜ್ರಾಕೃತಿ, ಗುಂಡು ಎಂದು ಒಂದರ ಕೆಳಗೊಂದು ಮೂರು ಆಕೃತಿಯ ಇನ್ನೊಂದು ಸಾಲನ್ನೂ ಏರಿಸಬೇಕು. ಆಗ ಉಳಿದವರು ದಾರಿ ಬಿಡುತ್ತಾರೆ. ಇದನ್ನು ಕೊರತೆ ಎನ್ನುವವರಿದ್ದಾರೆ. ನನಗೆ ಇದು ಸರಿಯಾದ ವಿಂಗಡಣೆ ಅನಿಸುತ್ತದೆ. ನಡುವೆ ಮಿಣಿ ಇದೆ ಎಂಬುದು ಮಾಹಿತಿ, ನಾನು ತಿರುಗಲಾರೆ ಎಂಬುದು ಕೋರಿಕೆ. ಎರಡನ್ನೂ ಒಂದೇ ಗುರುತಿಗೆ ಹೊರಿಸಿದ್ದರೆ ಪ್ರತಿ ಟಗ್ಗೂ ಹಕ್ಕಿಗಾಗಿ ವಜ್ರಾಕೃತಿ ಏರಿಸುತ್ತಿತ್ತು, ಅದನ್ನು ನಂಬುವವರು ಇರುತ್ತಿರಲಿಲ್ಲ.

ನನಗೆ ಹೆಚ್ಚು ಕಾಡುವುದು ಮಿಣಿ ಕಡಿದ ನಂತರದ ಕಥೆ. ವರ್ಯಾಗ್ ಎಂಬ, ತಾನಾಗಿ ಚಲಿಸಲಾರದ ವಿಮಾನವಾಹಕದ ಒಡಲನ್ನು ಉಕ್ರೇನಿನಿಂದ ಚೀನಾಕ್ಕೆ ಎಳೆದದ್ದು ಈ ಶತಮಾನದ ದೊಡ್ಡ ಎಳೆತಗಳಲ್ಲೊಂದು. 2001ರ ನವೆಂಬರ್ 1ರಂದು ಬಾಸ್ಫರಸ್ ದಾಟಿ ಏಜಿಯನ್ ಸಮುದ್ರಕ್ಕೆ ಇಳಿದ ಕೆಲವೇ ದಿನದಲ್ಲಿ ಬಿರುಗಾಳಿಗೆ ಮಿಣಿ ತುಂಡಾಗಿ ಅದು ತೇಲತೊಡಗಿತು. ಮತ್ತೆ ಹಿಡಿದು ಆಫ್ರಿಕಾ ಸುತ್ತಿ ದಾಲಿಯನ್ ಮುಟ್ಟಿಸಿದಾಗ 2002ರ ಮಾರ್ಚ್ ಬಂದಿತ್ತು. 2013ರ ಜನವರಿಯಲ್ಲಿ ಕೆನಡಾದ ಸೇಂಟ್ ಜಾನ್ಸ್‌ನಿಂದ ಗುಜರಿಗೆಂದು ಹೊರಟ ಲ್ಯುಬೋವ್ ಓರ್ಲೋವಾ ಎಂಬ ಪ್ರವಾಸಿ ಹಡಗಿನ ಮಿಣಿ ಹೊರಟ ಮರುದಿನವೇ ಕಡಿಯಿತು. ಕೊನೆಗೆ ಅದು ಅಟ್ಲಾಂಟಿಕ್‌ನಲ್ಲಿ ಕಾಣೆಯಾಯಿತು. ಮಿಣಿ ಕಡಿದ ಕ್ಷಣ ಟಗ್ಗು ತನ್ನ ವಜ್ರಾಕೃತಿಯನ್ನು ಇಳಿಸಬಹುದು. ಯಾರೂ ಇಲ್ಲದ ಒಡಲಿನ ಮೇಲೆ ಹೊರಡುವಾಗ ಕಟ್ಟಿದ ವಜ್ರಾಕೃತಿಯನ್ನು ಇಳಿಸುವವರಾರು? ಅದು ಯಾವುದೋ ಟಗ್ಗಿನ ಹಿಂದೆ ಇದೆಯೆಂದು ಸಾರುತ್ತಲೇ ತೇಲುತ್ತದೆ. ನೋಡುವವನು ಇಲ್ಲದ ಟಗ್ಗನ್ನು ಹುಡುಕುತ್ತಾನೆ. ಗುರುತಿಗೆ ಇದು ನಿಜವಾದ ಮಿತಿ, ಮೇಲಿನ ಯಾವ ಆಕ್ಷೇಪಕ್ಕಿಂತಲೂ ದೊಡ್ಡದು. ಸಂಬಂಧವನ್ನು ಹೇಳುವ ಗುರುತು ಸಂಬಂಧ ಹರಿದಾಗ ತನ್ನಿಂದ ತಾನೇ ಅಳಿಯುವುದಿಲ್ಲ. ಆಗ ರೇಡಿಯೊ ಎಚ್ಚರಿಕೆಯೇ ಗತಿ.

ನಮ್ಮ ಕಡಲಿಗೂ ಇದು ದೂರದ ಮಾತಲ್ಲ. 2025ರ ಜೂನ್ 9ರಂದು ಕೊಲಂಬೊದಿಂದ ನ್ಹಾವಾ ಶೇವಾಕ್ಕೆ ಹೊರಟಿದ್ದ ವಾನ್ ಹಾಯ್ 503 ಎಂಬ ಕಂಟೈನರ್ ಹಡಗಿಗೆ ಕೇರಳ ಕರಾವಳಿಯಾಚೆ ಬೆಂಕಿ ಬಿತ್ತು. 22 ಮಂದಿಯಲ್ಲಿ ನಾಲ್ವರು ಕಾಣೆಯಾದರು; ಉಳಿದ 18 ಮಂದಿಯನ್ನು ನೌಕಾಪಡೆ ಮಂಗಳೂರಿಗೆ ತಂದಿತು. ಹೊಗೆಯುಗುಳುತ್ತಿದ್ದ ಆ ಹಡಗನ್ನು ಮುಂಗಾರಿನ ಗಾಳಿಯಲ್ಲಿ ದಡದಿಂದ ದೂರ ಎಳೆದೊಯ್ಯಲು ವಾರಗಟ್ಟಲೆ ಹಿಡಿಯಿತು. ಹಡಗೊಂದೇ ಸುಮಾರು 270 ಮೀಟರ್ ಉದ್ದ. ಮಿಣಿಯ ಲೆಕ್ಕ ಸೇರಿಸುವ ಮೊದಲೇ 200ರ ಗಡಿ ದಾಟಿತ್ತು. ಸುಡುವ ಹಡಗಿನ ಮೇಲೆ ಹತ್ತಿ ಕಪ್ಪು ಆಕೃತಿ ಕಟ್ಟಿ ಎಂದು ಯಾರೂ ಕೇಳಲಾರರು, ನಿಯಮವೂ ಕೇಳುವುದಿಲ್ಲ. ಗುರುತು ತೋರಿಸಲು ತಕ್ಕ ಕಾರಣದಿಂದ ಆಗದಿದ್ದರೆ, ಎಳೆಸಿಕೊಳ್ಳುವ ವಸ್ತು ಅಲ್ಲಿದೆ ಎಂಬುದನ್ನಾದರೂ ತಿಳಿಸಲು ಸಾಧ್ಯವಿದ್ದುದನ್ನೆಲ್ಲ ಮಾಡಿ ಎನ್ನುತ್ತದೆ. ಕರ್ನಾಟಕದಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಹೊತ್ತಿಗೆ ಮಲ್ಪೆ, ಮಂಗಳೂರಿನ ಟ್ರಾಲ್ ಬೋಟುಗಳು ಧಕ್ಕೆಯಲ್ಲಿದ್ದವು. ಆಗಸ್ಟ್ ಬಂದ ಮೇಲೆ ಎಳೆತದ ದಾರಿಯಲ್ಲಿ ಅಡ್ಡಸಿಗುವವರು ಅವರೇ.

ಆ ಬೋಟುಗಳೂ ಒಂದನ್ನೊಂದು ಎಳೆಯುತ್ತವೆ. ಎಂಜಿನ್ ಕೈಕೊಟ್ಟ ಬೋಟನ್ನು ಜೊತೆಯವರು ಹಗ್ಗ ಕಟ್ಟಿ ಅಳಿವೆಯೊಳಗೆ ತರುವುದು ಕರಾವಳಿಯಲ್ಲಿ ಮಾಮೂಲು. ಹಗ್ಗ 200 ಮೀಟರ್ ಮುಟ್ಟುವುದು ಅಪರೂಪ, ಹಾಗಾಗಿ ವಜ್ರಾಕೃತಿಯ ಪ್ರಶ್ನೆ ಏಳುವುದಿಲ್ಲ. ಎಳೆಯುವುದೇ ಕಸುಬಲ್ಲದ ಇಂಥ ದೋಣಿಗಳಿಗೆ ರಾತ್ರಿಯ ದೀಪಗಳ ವಿಷಯದಲ್ಲಿ ನಿಯಮ ಸಡಿಲಿಕೆ ಕೊಟ್ಟು, ಬದಲಿಗೆ ಒಂದನ್ನು ಕೇಳುತ್ತದೆ: ಎರಡರ ನಡುವಿನ ಸಂಬಂಧವನ್ನು ಹೇಗಾದರೂ ತಿಳಿಸಿ, ಮುಖ್ಯವಾಗಿ ಹಗ್ಗದ ಮೇಲೆ ಬೆಳಕು ಬಿಡಿ. ವಜ್ರಾಕೃತಿ ಬಾಯಿಬಿಟ್ಟು ಹೇಳದ್ದನ್ನು ಇಲ್ಲಿ ನಿಯಮವೇ ಹೇಳಿದೆ. ಭಾರತ ಈ ನಿಯಮಗಳನ್ನು 1975ರಲ್ಲೇ ತನ್ನ ಕಾನೂನಿಗೆ ತಂದುಕೊಂಡಿದೆ. ಎರಡು ವಜ್ರಾಕೃತಿ ಕಂಡರೆ ನಡುವೆ ನುಗ್ಗಬಾರದು ಎಂಬ ಒಂದು ಮಾತು ಬೋಟು ನಡೆಸುವ ಪ್ರತಿ ತಾಂಡೇಲನಿಗೂ ಗೊತ್ತಿದ್ದರೆ ಗುರುತಿನ ಬಹುಪಾಲು ಕೆಲಸ ಆದಂತೆ. ಬಲೆ ನೀರಲ್ಲಿರುವಾಗ ಸುತ್ತಿ ಹೋಗಲು ಡೀಸೆಲ್ಲೂ ಹೊತ್ತೂ ಎಲ್ಲಿಂದ ತರುವುದು ಎಂದು ಅವನು ಕೇಳಬಹುದು. ಸುತ್ತುವ ಅಗತ್ಯವಿಲ್ಲ, ವೇಗ ತಗ್ಗಿಸಿದರೆ ಸಾಕು. ಗಂಟೆಗೆ ಆರು ನಾಟಿಕಲ್ ಮೈಲಿನಲ್ಲಿ ಹೋಗುವ ಟಗ್ಗಿನಿಂದ ಬಾರ್ಜಿನ ಹಿಂತುದಿಯವರೆಗೆ 600 ಮೀಟರ್ ಇದ್ದರೆ, ಇಡೀ ಸಾಲು ಅವನ ಮೂತಿಯ ಮುಂದಿನಿಂದ ಹಾದುಹೋಗಲು ಬೇಕಾಗುವುದು ಮೂರೂಕಾಲು ನಿಮಿಷ.